ಏಳನೇ ಇಳಿಜಾರಿನ ಹಗ್ಗ

ಮೌಂಟ್ ಟೋಲಾವನ್ನು ಬೆಟ್ಟವೆಂದು ಕರೆಯುವ ಧೈರ್ಯ ನಮಗೆ ಮಾತ್ರ ಇದೆ. ದೊಡ್ಡ ಪರ್ವತಗಳ ಕೊಲೊರಾಡೊ ಕಡೆಯವನೊಬ್ಬ ಒಮ್ಮೆ ಅದರ ಬುಡದಲ್ಲೇ ನಿಂತು "ಬೆಟ್ಟ ಎಲ್ಲಿದೆ?" ಎಂದು ಕೇಳಿ, ಸ್ಕೀ ಮಾಡುವವರನ್ನು ಕುರ್ಚಿಯಲ್ಲಿ ತುದಿಗೆ ಏರಿಸುವ ಲಿಫ್ಟ್ ನೋಡಿಕೊಳ್ಳುವ ಮಾರ್ಲಾಳ ಕೈಲಿ ಸರಿಯಾಗಿ ಉಗಿಸಿಕೊಂಡಿದ್ದ. ಎಂಟುನೂರು ಅಡಿ ಎತ್ತರ, ಹತ್ತೊಂಬತ್ತು ಇಳಿಜಾರು, ಎರಡು ಲಿಫ್ಟು, ಸುಪೀರಿಯರ್ ಸರೋವರದ ಕಡೆಯಿಂದ ಬೀಸುವ ಗಾಳಿ. ನಮಗೆ ಅಷ್ಟು ಸಾಕು. ಇನ್ನೂ ಬೇಕೆನ್ನುವವರು ಕೊಲೊರಾಡೊಗೇ ಹೋಗಲಿ.

ನವೆಂಬರಿನಲ್ಲಿ ಆ ಹತ್ತೊಂಬತ್ತರಲ್ಲಿ ತೆರೆಯುವುದು ಒಂದೇ, ನಾಲ್ಕನೇ ಇಳಿಜಾರು. ಯಂತ್ರಗಳು ನೀರು ಉಗುಳಿ ಹಿಮ ಮಾಡಿ, ತುದಿಯಿಂದ ಬುಡದವರೆಗೆ ಒಂದು ಬಿಳಿ ಪಟ್ಟಿ ಎಳೆದಿರುತ್ತವೆ. ಆ ಕಡೆ ಈ ಕಡೆ ಕಂದು ಹುಲ್ಲು, ಕಲ್ಲು, ಮರದ ಬೊಡ್ಡೆ. ಬುದ್ಧಿ ನೆಟ್ಟಗಿರುವವರು ಕ್ರಿಸ್‌ಮಸ್ ತನಕ ಮನೆಯಲ್ಲಿ ಬೆಚ್ಚಗಿರುತ್ತಾರೆ. ಬರುವವರು ಸೀಸನ್ ಪಾಸಿನವರು ಮಾತ್ರ. ಏಪ್ರಿಲಿನಲ್ಲೇ ಪಾಸು ಮಾಡಿಸಿ, ಬೇಸಗೆಯಿಡೀ ಅದನ್ನು ಫ್ರಿಜ್ಜಿನ ಬಾಗಿಲಿಗೆ ತೂಗುಹಾಕಿಕೊಂಡು ನೋಡುತ್ತ ಕೂತವರಿಗೆ ಕಲ್ಲೇನು, ಹುಲ್ಲೇನು! ಒಳ್ಳೆಯ ಸ್ಕೀಗಳನ್ನು ಮನೆಯಲ್ಲಿ ಬಿಟ್ಟು, ಗೀರು ಬಿದ್ದರೂ ಹೊಟ್ಟೆ ಉರಿಯದಂಥ ಹಳೆಯ ಜೋಡಿ ಹೊತ್ತುಕೊಂಡು ಬರುತ್ತಾರೆ. ಅವಕ್ಕೆ ಕಲ್ಲುಸ್ಕೀ ಎಂದೇ ಹೆಸರು.

ಆ ಗುಂಪಿಗೆ ಹೆಲ್ವಿ ಕರ್ಪೆಲಾ ಒಂಥರಾ ಯಜಮಾನಿ. ವಯಸ್ಸು ಅರವತ್ತೇಳು. ರಸ್ತೆಯ ಹಿಮ ತಳ್ಳುವ ಕೌಂಟಿಯ ಲಾರಿಯನ್ನು ಇಪ್ಪತ್ತೆರಡು ವರ್ಷ ಓಡಿಸಿ ನಿವೃತ್ತಳಾದವಳು. ಹೋದ ಚಳಿಗಾಲ ಎಂಬತ್ತೊಂದು ದಿನ ಸ್ಕೀ ಮಾಡಿದ್ದಳು. ಹಗ್ಗ ಕಟ್ಟಿ ಮುಚ್ಚಿದ ಇಳಿಜಾರಿಗೆ ಯಾರಾದರೂ ನುಸುಳುವುದು ಕಂಡರೆ ಗುಡ್ಡ ಕಾಯುವ ಗಸ್ತಿನವರಿಗಿಂತ ಮೊದಲು ಅವಳೇ ಕೂಗುತ್ತಿದ್ದಳು: "ಲೋ, ಹಗ್ಗ ಏನು ಬಟ್ಟೆ ಒಣಗಿಸೋಕೆ ಕಟ್ಟಿದಾರಾ?" ಅವಳ ಬಾಯಿಗೆ ಹೆದರಿಯೇ ಎಷ್ಟೋ ಜನ ಕಾನೂನು ಪಾಲಿಸುತ್ತಿದ್ದರು.

ಅಂಥ ಹೆಲ್ವಿಗೆ ಈಚೆಗೆ ಜಂಬ ಬಂದಿದೆ ಎಂದು ಮಾತಾಡಿಕೊಳ್ಳುತ್ತಿದ್ದರು. ಮುಖ ಕೊಟ್ಟು ಮಾತಾಡುವುದಿಲ್ಲ, ತಲೆ ಓರೆ ಮಾಡಿ ಎಲ್ಲೋ ನೋಡುತ್ತಾಳೆ, ಎದುರಿಗೆ ಸಿಕ್ಕರೂ ನಾವಾಗಿ ಮಾತಾಡಿಸುವ ತನಕ ಹಲೋ ಅನ್ನುವುದಿಲ್ಲ.

ಜಂಬವಲ್ಲ, ಪಾಪ. ಹೆಲ್ವಿಗೆ ಕಣ್ಣು ಹೋಗುತ್ತಿತ್ತು.

ಮಾರ್ಚಿನಲ್ಲಿ ಕಣ್ಣಿನ ಡಾಕ್ಟರು ನೋಡಿ ಹೇಳಿದ್ದರು: ನೋಟದ ನಡುಭಾಗ ಕರಗುತ್ತಾ ಹೋಗುತ್ತದೆ, ಅಂಚು ಉಳಿಯುತ್ತದೆ. ಎದುರಿಗೆ ನಿಂತವರ ಕಿವಿ, ಭುಜ, ಟೋಪಿ ಕಾಣುತ್ತಿತ್ತು. ಮುಖ ಇರಬೇಕಾದ ಕಡೆ ಬೂದಿ ಬಳಿದ ಹಾಗೆ ಒಂದು ಕಲೆ. ಕಾರು ಓಡಿಸಕೂಡದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಸ್ಕೀ ವಿಷಯ ಅವರು ಎತ್ತಲಿಲ್ಲ, ಇವಳೂ ಕೇಳಲಿಲ್ಲ. ಮುಂದಿನ ತಿಂಗಳೇ ಹೋಗಿ ಪಾಸು ಮಾಡಿಸಿಕೊಂಡು ಬಂದಳು.

ಯಾರಿಗೂ ಬಾಯಿ ಬಿಡಲಿಲ್ಲ. ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಆಮೇಲಿನ ಒಂದೊಂದು ಚಳಿಗಾಲವನ್ನೂ ದಾಟಿಸಿದ್ದು ಈ ಗುಡ್ಡವೇ. ಬೆಳಿಗ್ಗೆ ಏಳುವುದಕ್ಕೆ ಒಂದು ಕಾರಣ, ಕಿತ್ತಾಡುವುದಕ್ಕೆ ನಾಲ್ಕು ಜನ, ಮನೆಗೆ ಬಂದಾಗ ಕಾಲಲ್ಲಿ ಒಳ್ಳೆಯ ಸುಸ್ತು. ಗೊತ್ತಾದರೆ ಗುಡ್ಡದವರು ಪಾಸು ಕಿತ್ತುಕೊಳ್ಳುತ್ತಾರೆ ಎನ್ನುವುದು ಅವಳ ಒಂದು ಭಯ. ಅದಕ್ಕಿಂತ ದೊಡ್ಡದು, ಜನ ತನ್ನ ಹತ್ತಿರ ಮೆಲ್ಲಗೆ ಮಾತಾಡಲು ಶುರು ಮಾಡುತ್ತಾರೆ ಎನ್ನುವ ಭಯ. ಆಸ್ಪತ್ರೆಯಲ್ಲಿ ಗಂಡನ ಹತ್ತಿರ ಎಲ್ಲರೂ ಮಾತಾಡುತ್ತಿದ್ದರಲ್ಲ, ಹಾಗೆ.

ಅವಳ ಜೊತೆಗಾರ ಆರ್ವೊ ಲಂಪಿನೆನ್. ಹಿಮ ತಳ್ಳುವ ಲಾರಿಯಲ್ಲಿ ಅವಳು ಸ್ಟಿಯರಿಂಗ್ ಹಿಡಿದಿದ್ದ ಅಷ್ಟು ವರ್ಷವೂ ಬಲಗಡೆ ಸೀಟಿನಲ್ಲಿ ಕೂತು, ರಸ್ತೆಯಂಚಿನ ಹಿಮ ಸರಿಸುವ ಲಾರಿಯ ರೆಕ್ಕೆ ಎತ್ತುತ್ತ ಇಳಿಸುತ್ತ ಇದ್ದವನು. ಮಾತಿಗೂ ಅವನಿಗೂ ಆಗಿಬರುತ್ತಿರಲಿಲ್ಲ. ಏಳು ನಿಮಿಷದ ಲಿಫ್ಟಿನಲ್ಲಿ ಹೆಲ್ವಿ ಊರಿನ ಸುದ್ದಿಯನ್ನೆಲ್ಲ ಜಾಲಾಡಿದರೆ, ತುದಿ ಮುಟ್ಟಿದಾಗ ಅವನು "ಹೂಂ" ಎನ್ನುತ್ತಿದ್ದ. ಅದೂ ಒಳ್ಳೆಯ ದಿನವಾದರೆ.

ಈ ಸಲ ಹೆಲ್ವಿ ಅವನಿಗೆ, "ನನ್ನ ಪಿಕಪ್ಪಿನ ಗೇರ್‌ಬಾಕ್ಸ್ ಹೋಗಿದೆ ಕಣೋ, ನೀನೇ ದಿನಾ ಕರ್ಕೊಂಡು ಹೋಗ್ಬೇಕು," ಎಂದಿದ್ದಳು.

"ಹೂಂ," ಎಂದಿದ್ದ ಆರ್ವೊ.

ಎಂಟು ದಿನ ಹೆಚ್ಚುಕಮ್ಮಿ ಸಾಂಗವಾಗಿ ನಡೆಯಿತು. ಐವತ್ತು ವರ್ಷ ಇಳಿದ ಗುಡ್ಡ, ಪಾದಕ್ಕೇ ಗೊತ್ತು. ಮೇಲೆ ಮೂರು ಅಗಲ ತಿರುವು, ಆಮೇಲೆ ಕಡಿದಾದ ಇಳಿತ, ಆಮೇಲೆ ಬರ್ಚ್ ಮರಗಳ ಹತ್ತಿರ ದಾರಿ ಒಡೆಯುತ್ತದೆ. ಎಡಕ್ಕೆ ನಾಲ್ಕು, ಬಲಕ್ಕೆ ಮುಚ್ಚಿದ ಏಳು. ಅಲ್ಲಿ ಮಾತ್ರ ಸ್ವಲ್ಪ ಕಷ್ಟ. ಅದಕ್ಕೂ ಅವಳು ಉಪಾಯ ಕಂಡುಕೊಂಡಿದ್ದಳು. ಕವಲು ದಾಟಿದ ಕೂಡಲೇ ನಾಲ್ಕರ ಎಡ ಅಂಚಿನಲ್ಲಿ ಹಿಮದ ಯಂತ್ರವೊಂದು ಸದಾ ಭೋರ್ಗರೆಯುತ್ತಿತ್ತು. ಆ ಸದ್ದನ್ನು ಎಡಗಿವಿಗೆ ಇಟ್ಟುಕೊಂಡು ಅದರ ಪಕ್ಕ ಸರಿದುಹೋದರೆ ಆಯಿತು. ಉಳಿದವರೆಲ್ಲ ಆ ಸದ್ದಿಗೆ ಬೈದುಕೊಂಡು ಹೋಗುತ್ತಿದ್ದರು, ಇವಳು ಮಾತ್ರ ಮನಸ್ಸಿನಲ್ಲೇ ಕೈಮುಗಿದು ಹೋಗುತ್ತಿದ್ದಳು.

ನಾಲ್ಕನೆಯ ದಿನ ಒಂದು ಎಡವಟ್ಟಾಯಿತು. ಕಾಫಿಗೆ ಒಳಗೆ ಹೋಗುವಾಗ ಸ್ಕೀಗಳನ್ನು ಹೊರಗಿನ ಕಟಕಟೆಗೆ ಒರಗಿಸಿ ಬಿಡಬೇಕಲ್ಲ. ಕಳ್ಳರಿಗೆ ಕಣ್ಣುಕಟ್ಟು ಮಾಡಲು ನಮ್ಮಲ್ಲಿ ಜೋಡಿ ಒಡೆದು ಇಡುವ ಪದ್ಧತಿ. ನಿನ್ನದೊಂದು ನನ್ನದೊಂದು ಇಲ್ಲಿ, ಉಳಿದ ಎರಡು ಅಷ್ಟು ದೂರದಲ್ಲಿ. ಯಾವ ಕಳ್ಳ ತಾನೆ ಬೇರೆ ಬೇರೆ ಬಣ್ಣದ ಎರಡು ಸ್ಕೀ ಹೊತ್ತುಕೊಂಡು ಹೋಗುತ್ತಾನೆ! ಹೆಲ್ವಿಯ ಕಲ್ಲುಸ್ಕೀ ಕೆಂಪು, ಆರ್ವೊನದು ನೀಲಿ. ಎರಡೂ ಗುಡ್ಡದ ಬಾಡಿಗೆ ಅಂಗಡಿಯಿಂದ ಒಂದೇ ದಿನ ತಂದ ಹಳೆಯ ಮಾಲು, ಉದ್ದ ಒಂದೇ, ಯಾರ ಬೂಟು ಬೇಕಾದರೂ ಕೂರುತ್ತಿತ್ತು. ಅಂದು ಕಾಫಿ ಮುಗಿಸಿ ಮೊದಲು ಹೊರಬಿದ್ದ ಹೆಲ್ವಿ ಕೈಗೆ ಸಿಕ್ಕ ಎರಡನ್ನು ತೊಟ್ಟು, ಪೂರ್ತಿ ಒಂದು ಸುತ್ತು ಇಳಿದುಬಂದಳು.

"ಏನೇ ಹೆಲ್ವಿ ಇದು!" ಲಿಫ್ಟಿನ ಹತ್ತಿರ ಮಾರ್ಲಾ ಬಾಯಿ ಬಿಟ್ಟುಕೊಂಡು ನಿಂತಳು. "ಒಂದು ಕೆಂಪು, ಒಂದು ನೀಲಿ! ಯಾವ ದೇಶದ ಫ್ಯಾಷನ್ನೇ?"

ಹೆಲ್ವಿ ತಲೆ ಓರೆ ಮಾಡಿ ಆಗಷ್ಟೇ ತನ್ನ ಕಾಲು ನೋಡಿಕೊಂಡಳು. ಆದರೆ ಅವಳ ನಾಲಿಗೆ ಯಾವತ್ತೂ ಕೈಕೊಟ್ಟದ್ದಿಲ್ಲ. "ಎಡಗಾಲು ಯಾವುದು ಬಲಗಾಲು ಯಾವುದು ಅಂತ ಮರೀಬಾರದಲ್ಲ, ಅದಕ್ಕೆ. ನಿನಗೂ ಒಂದು ಜೊತೆ ತಂದ್ಕೊಡ್ಲಾ?"

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದರು. ಹಿಂದೆಯೇ ಆರ್ವೊ ಬಂದ, ಅವನ ಕಾಲಲ್ಲೂ ಒಂದು ನೀಲಿ, ಒಂದು ಕೆಂಪು. ತುಟಿ ಪಿಟಕ್ಕೆನ್ನದೆ ಲಿಫ್ಟ್ ಹತ್ತಿದ. ಮರುದಿನದಿಂದ ಅವನು ಜೋಡಿ ಒಡೆಯುವುದನ್ನು ಬಿಟ್ಟುಬಿಟ್ಟ. ಹೆಲ್ವಿಯ ಎರಡನ್ನೂ ಕಟಕಟೆಯ ಮೊದಲ ಗೂಟಕ್ಕೇ ಇಡುತ್ತಿದ್ದ. ವಯಸ್ಸಾಯಿತು, ಸೋಮಾರಿಯಾದ ಎಂದುಕೊಂಡಳು ಅವಳು.

ಒಂಬತ್ತನೆಯ ದಿನ ಭಾನುವಾರ. ಸರೋವರದ ಮೋಡ ತಿರುಗಿ ಬೆಳಗಾಗುವಷ್ಟರಲ್ಲಿ ಮುಕ್ಕಾಲು ಅಡಿ ನಿಜವಾದ ಹಿಮ ಸುರಿದಿತ್ತು. ಪಾಸಿನವರಿಗೆ ತಲೆ ಕೆಟ್ಟಿತ್ತು. ದೊಡ್ಡ ದೊಡ್ಡ ಗಂಡಸರು ಸಾಲಿನಲ್ಲಿ ಒಬ್ಬರನ್ನೊಬ್ಬರು ತಳ್ಳಾಡುತ್ತಿದ್ದರು. ಹೆಲ್ವಿ ಎಲ್ಲರನ್ನೂ ಗದರಿಸಿಕೊಂಡು ಮೂರನೆಯ ಕುರ್ಚಿ ಹಿಡಿದಳು.

ನಾಲ್ಕರಲ್ಲಿ ಹಿಮ ಸಾಕಷ್ಟಾಗಿದೆ ಎಂದು ಕೆಲಸದವರು ಮುಂಜಾನೆಯೇ ಆ ಯಂತ್ರವನ್ನು ಅಲ್ಲಿಂದ ಕಿತ್ತು ಏಳನೆಯ ಇಳಿಜಾರಿನ ಒಳಗೆ, ಅದರ ಎಡ ಅಂಚಿಗೆ ಕೂರಿಸಿದ್ದರು. ಕಣ್ಣಿದ್ದವರಿಗೆ ಅದೊಂದು ವಿಷಯವೇ ಅಲ್ಲ.

ಕಣಕಾಲು ಮುಳುಗುವ ಹಗುರ ಹಿಮ, ಮುಖಕ್ಕೆ ಹಾರುವ ಪುಡಿ, ಹೆಲ್ವಿಗೆ ಹದಿನೆಂಟು ವರ್ಷದವಳಾದ ಹಾಗಿತ್ತು. ಬರ್ಚ್ ಮರಗಳ ಹತ್ತಿರ ಸದ್ದು ಕೇಳಿಸಿತು. ಎಂದಿನಂತೆ ಅದನ್ನು ಎಡಗಿವಿಗೆ ಇಟ್ಟುಕೊಂಡು ತಿರುಗಿದಳು. ಕವಲಿಗೆ ಹಗ್ಗ ಕಟ್ಟಿತ್ತು, ನಿಜ. ಆದರೆ ಕೆಲಸದವರ ಹಿಮಬಂಡಿ ಹೋಗಿ ಬರಲು ಹಗ್ಗದ ಕೊನೆಯಲ್ಲಿ ಅಷ್ಟಗಲದ ಸಂದು ಬಿಟ್ಟು, ಪಕ್ಕದಲ್ಲಿ "ಮುಚ್ಚಿದೆ" ಎಂಬ ಹಲಗೆ ನೆಟ್ಟಿದ್ದರು. ಹಗ್ಗ, ಹಲಗೆ ಎರಡೂ ಅವಳ ನೋಟದ ಆ ಬೂದಿಯೊಳಗೆ ಮುಳುಗಿಹೋದವು. ಹೆಲ್ವಿ ಬಾಣದಂತೆ ಸಂದಿನಲ್ಲಿ ತೂರಿದಳು.

ಹಿಂದಿನಿಂದ ಆರ್ವೊ ಏನೋ ಕೂಗಿದಂತಾಯಿತು. ಆರ್ವೊ ಕೂಗುವುದೆಂದರೇನು! ಅಷ್ಟರಲ್ಲಿ ಒದ್ದೆ ಹಿಮದ ಮಳೆ ಮುಖಕ್ಕೆ ರಾಚಿತು, ತೀರ ಪಕ್ಕದಲ್ಲೇ ಯಾರೋ ಗಂಡಸು ಪ್ರಾಣ ಹೋದವನಂತೆ ಕಿರುಚಿದ, ಅಡಿಯಲ್ಲಿ ಕಲ್ಲು ಕರ್ರೆಂದಿತು, ಅವಳು ಮುಗ್ಗರಿಸಿ ನಾಲ್ಕು ಉರುಳು ಉರುಳಿ ಒಂದು ಪೊದೆಗೆ ತಾಗಿ ನಿಂತಳು.

ಕಿರುಚಿದವನು ಲೆಸ್ಟರ್ ನೂರ್ಮಿ, ಹಿಮದ ಯಂತ್ರದ ಕೆಲಸದವನು. ಮಂಡಿಯೂರಿ ನೀರಿನ ಕೊಳವೆ ಬಿಗಿಸುತ್ತಿದ್ದ. ಹೆಲ್ವಿ ಅವನ ಬೆನ್ನಿಗೆ ಒಂದು ಗೇಣು ಬಿಟ್ಟು ಹಾದುಹೋಗಿದ್ದಳು.

ಗಸ್ತಿನ ಮುಖ್ಯಸ್ಥ ಡ್ವೇನ್ ಟ್ರೆಗೀರ್ ಐದೇ ನಿಮಿಷದಲ್ಲಿ ಅಲ್ಲಿದ್ದ. ಮೊದಲು ಅವಳ ಕೈಕಾಲು ಮುಟ್ಟಿ ನೋಡಿದ. ಏನೂ ಮುರಿದಿಲ್ಲ ಎಂದು ಖಾತ್ರಿಯಾದ ಮೇಲೆ ಎದ್ದುನಿಂತ.

"ಹೆಲ್ವಿ, ನೀವಾ? ಬೇರೆ ಯಾರಾದ್ರೂ ಆಗಿದ್ರೆ ನಾನು ಆಶ್ಚರ್ಯ ಪಡ್ತಿರಲಿಲ್ಲ. ಹಗ್ಗ ಕಾಣಿಸಲಿಲ್ವಾ ನಿಮಗೆ?"

ಪ್ರಶ್ನೆಯೇ ಉತ್ತರವನ್ನು ಬಾಯಿಗೆ ತಂದಿಟ್ಟಿತ್ತು. ಇಲ್ಲ ಎಂದರೆ ಮುಗಿಯಿತು, ನಿಜವೂ ಅದೇ. ಆದರೆ ಅದರ ಹಿಂದೆಯೇ ಬರುವ ಇನ್ನೊಂದು ಪ್ರಶ್ನೆ ಹೆಲ್ವಿಗೆ ಗೊತ್ತಿತ್ತು. ಹಿಮ ಕೊಡವಿಕೊಂಡು ಎದ್ದಳು.

"ಕಾಣಿಸ್ದೆ ಏನು, ನಾನೇನು ಕುರುಡಿಯಾ?" ಎಂದಳು. "ಬೇಕಂತಲೇ ನುಗ್ಗಿದೆ. ಯಾರೂ ಮುಟ್ಟದ ಹಿಮ ಕಂಡ್ರೆ ಯಾರು ಬಿಡ್ತಾರೆ? ತಗೋ ನಿನ್ನ ಪಾಸು." ಕೊರಳಿಂದ ಪಾಸು ಎಳೆದು ಕೊಟ್ಟೇಬಿಟ್ಟಳು.

ಡ್ವೇನ್ ಅದನ್ನು ಜೇಬಿಗೆ ಹಾಕಿಕೊಂಡ. "ಸುಮ್ನೆ ನುಗ್ಗಿದ್ರೆ ಎರಡು ವಾರಕ್ಕೆ ತಗೋತಿದ್ದೆ. ಕೆಲಸದವನ ಜೀವಕ್ಕೇ ಸಂಚಕಾರ ತಂದಿದೀರಿ. ಈ ಸೀಸನ್ ಪೂರ್ತಿ ಇಲ್ಲ, ಹೆಲ್ವಿ. ನನ್ನ ಮೇಲೆ ಸಿಟ್ಟು ಮಾಡ್ಕೋಬೇಡಿ."

ಸುದ್ದಿ ಲಿಫ್ಟಿಗಿಂತ ಜೋರಾಗಿ ಕೆಳಗಿಳಿಯಿತು. ಗುಡ್ಡದ ಬುಡದಲ್ಲಿ ಎಲ್ಲರೂ ಕಾಫಿಗೆ ಸೇರುವ ಲಾಡ್ಜಿನಲ್ಲಿ ಅವಳಿಗೆ ಸಿಕ್ಕಿದ್ದು ವೀರವನಿತೆಯ ಸ್ವಾಗತ. ಅರವತ್ತೇಳನೇ ವಯಸ್ಸಿನಲ್ಲಿ ಹಗ್ಗ ನುಸುಳಿ ಪಾಸು ಕಳೆದುಕೊಂಡ ಮುದುಕಿ! ಒಬ್ಬ ಬೆನ್ನು ತಟ್ಟಿದ, ಇನ್ನೊಬ್ಬ ಮಾಂಸ, ಆಲೂಗಡ್ಡೆ ತುಂಬಿದ ಬಿಸಿ ಪ್ಯಾಸ್ಟಿ ತಂದು ಮುಂದಿಟ್ಟ. "ಬಟ್ಟೆ ಒಣಗಿಸೋಕೆ ಹೋಗಿದ್ಯಾ ಹೆಲ್ವಿ?" ಎಂದು ಮಾರ್ಲಾ ಕಿಚಾಯಿಸಿದಳು. ಹೆಲ್ವಿ ನಕ್ಕಳು, ಮಾತಿಗೆ ಮಾತು ಕೊಟ್ಟಳು. ಪ್ಯಾಸ್ಟಿಯನ್ನು ಮಾತ್ರ ಮುಟ್ಟದೆ ಪಕ್ಕದವನ ಕಡೆ ಸರಿಸಿದಳು. ಆ ಕಿರುಚಾಟ ಕಿವಿಯಲ್ಲೇ ಕೂತಿತ್ತು.

ವಾಪಸು ಹೋಗುವಾಗ ಆರ್ವೊನ ಟ್ರಕ್ಕಿನಲ್ಲಿ ಅವಳು ಎಂದಿಗಿಂತ ಹೆಚ್ಚು ಮಾತಾಡಿದಳು. ಡ್ವೇನ್‌ಗೆ ಅಧಿಕಾರದ ಪಿತ್ತ ನೆತ್ತಿಗೇರಿದೆ ಎಂದಳು. ಹೇಗೂ ಈ ವರ್ಷ ಸ್ವೆಟರ್ ಹೆಣೆಯಬೇಕೆಂದಿದ್ದೆ ಎಂದಳು. ಹೆಲ್ವಿ ಹೆಣೆದ ಸ್ವೆಟರನ್ನು ಈ ಭೂಮಿಯ ಮೇಲೆ ಯಾರೂ ಕಂಡಿರಲಿಲ್ಲ. ಆರ್ವೊ ಊರ ಹೊರಗಿನ ಪೆಟ್ರೋಲ್ ಬಂಕಿನ ಮುಂದೆ ಟ್ರಕ್ಕು ನಿಲ್ಲಿಸಿ ಇಂಜಿನ್ ಆಫ್ ಮಾಡಿದ.

"ನಿನಗೆ ಹಗ್ಗ ಕಾಣಿಸಲಿಲ್ಲ," ಎಂದ.

"ಹುಚ್ಚಾ ನಿನಗೆ? ನಾನು ಹೇಳಿದ್ನಲ್ಲ..."

"ಹೆಲ್ವಿ." ಅವನು ಮುಂದಿನ ಗಾಜನ್ನೇ ನೋಡುತ್ತಿದ್ದ. "ನಲವತ್ತು ವರ್ಷದಿಂದ ಊರವರ ಗಾಡಿ ರಿಪೇರಿ ಮಾಡ್ತಿರೋನು ನಾನು. ನಿನ್ನ ಗೇರ್‌ಬಾಕ್ಸ್ ಹೋಗಿದೆ ಅಂದಾಗ ನಾನು ಬಾನೆಟ್ ಎತ್ತಿ ನೋಡ್ತೀನಿ ಅಂದ್ನಾ?"

ಅಂದಿರಲಿಲ್ಲ. ಊರಲ್ಲಿ ಯಾರ ಗಾಡಿ ಕೆಮ್ಮಿದರೂ ಸ್ಪ್ಯಾನರ್ ಹಿಡಿದು ಓಡುವ ಮನುಷ್ಯ, ಹೆಲ್ವಿಯ ಗಾಡಿಯ ಹತ್ತಿರ ಸುಳಿದಿರಲಿಲ್ಲ. ಅದು ಅವಳಿಗೆ ಹೊಳೆದೇ ಇರಲಿಲ್ಲ.

"ಯಾವಾಗಿಂದ ಗೊತ್ತು?" ಎಂದಳು ಕೊನೆಗೆ.

"ಬೇಸಗೆಯಿಂದ. ಅಂಗಡೀಲಿ ನನ್ನ ಮುಂದೇನೇ ಹೋದೆ, ನಾನು ಕೆಮ್ಮಿದ ಮೇಲೆ ತಿರುಗಿದೆ." ಆರ್ವೊ ಗಂಟಲು ಸರಿಮಾಡಿಕೊಂಡ. ಇಷ್ಟು ಮಾತಿಗೇ ಅವನಿಗೆ ದಣಿವಾದಂತಿತ್ತು. "ಸ್ಕೀ ಅದಲುಬದಲಾದಾಗ ಎಷ್ಟು ಅಂತ ತಿಳೀತು. ಆಗಲೇ ಹೇಳ್ಬೇಕಿತ್ತು. ನಾನು ಬಾಯಿ ಮುಚ್ಕೊಂಡು ಕೂತೆ. ಇವತ್ತು ಲೆಸ್ಟರ್ ಸತ್ತಿದ್ರೆ ಅರ್ಧ ಪಾಪ ನನ್ನದು."

"ನಿನಗೇನು ಪಾಪ, ನನ್ನದು ಎಲ್ಲಾ." ಹೆಲ್ವಿ ಕೈಗವಸಿನಿಂದ ಮೂಗು ಒರೆಸಿಕೊಂಡಳು. "ಮುಗೀತು ಬಿಡು. ಪಾಸೂ ಹೋಯ್ತು, ಒಳ್ಳೇದೇ ಆಯ್ತು. ನುಗ್ಗಿದ ಮುದುಕಿ ಅಂತ ನಗ್ತಾರೆ. ನಗಲಿ."

"ನಾನು ಮುಂದೆ ಹೋಗ್ತೀನಿ, ನೀನು ಹಿಂದೆ ಬಾ. ಎಡ, ಬಲ ಅಂತ ಕೂಗ್ತೀನಿ. ಕಣ್ಣು ಕಾಣದವರಿಗೆ, ದಾರಿ ಹೇಳೋರಿಗೆ ಅಂತ ಗುಡ್ಡದವರೇ ಕಿತ್ತಳೆ ಬಣ್ಣದ ಮೇಲಂಗಿ ಕೊಡ್ತಾರೆ. ಡ್ವೇನ್‌ನ ಕೇಳಿದೀನಿ, ಹೆಸರು ಹೇಳಿಲ್ಲ. ಯಾರಿಗೋ ಅಂತ ಕೇಳಿದೆ."

"ನೀನು ಕೂಗ್ತೀಯಾ!" ಅಳುವಿನ ನಡುವೆಯೇ ಹೆಲ್ವಿಗೆ ನಗು ಬಂತು. "ನಿನ್ನ ಮದುವೇಲಿ ಒಪ್ಪಿಗೆ ಇದೆಯಾ ಅಂತ ಪಾದ್ರಿ ಮೂರು ಸಲ ಕೇಳಬೇಕಾಯ್ತು. ಬೆನ್ನ ಮೇಲೆ ಕಣ್ಣು ಕಾಣದವಳು ಅಂತ ಬರ್ಕೊಂಡು ನಾನು ಗುಡ್ಡ ಇಳೀಬೇಕಾ? ಮಾನ ಹರಾಜು ಹಾಕ್ಕೊಂಡು? ಹೋಗೋ."

ಆರ್ವೊ ಈಗ ಅವಳ ಕಡೆ ತಿರುಗಿದ. ಅವನಿಗೆ ಸಿಟ್ಟು ಬಂದಿತ್ತು. ಆರ್ವೊನ ಸಿಟ್ಟನ್ನು ಹೆಲ್ವಿ ಅಷ್ಟು ವರ್ಷದಲ್ಲಿ ಕಂಡದ್ದಿಲ್ಲ.

"ಇಪ್ಪತ್ತೆರಡು ವರ್ಷ ಲಾರಿ ಓಡಿಸಿದ್ಯಲ್ಲ, ಬಿರುಗಾಳೀಲಿ ಲಾರಿ ಮೂತಿ ಕಾಣ್ತಿತ್ತಾ ನಿನಗೆ? ರಸ್ತೆ ಕಾಣ್ತಿತ್ತಾ? ಯಾರ ಮಾತು ಕೇಳಿ ಸ್ಟಿಯರಿಂಗ್ ತಿರುಗಿಸ್ತಿದ್ದೆ?"

ಆ ದಿನಗಳಲ್ಲಿ ಗಾಜಿನಾಚೆ ಬರೀ ಬಿಳಿ. ರೆಕ್ಕೆಯ ಕಡೆಯ ಕಿಟಕಿ ಇಳಿಸಿ, ಗಡ್ಡಕ್ಕೆಲ್ಲ ಮಂಜು ಕಟ್ಟಿಸಿಕೊಂಡು, ತಲೆ ಹೊರಗೆ ಚಾಚಿ ಆರ್ವೊ ಅಲ್ಲೊಂದು ಇಲ್ಲೊಂದು ಮಾತು ಎಸೆಯುತ್ತಿದ್ದ. ಎಡ. ಸೇತುವೆ. ಅಂಚೆ ಡಬ್ಬ. ಇವಳು ಯಾಕೆ ಎತ್ತ ಎಂದು ಕೇಳದೆ ತಿರುಗಿಸುತ್ತಿದ್ದಳು. ಒಂದೇ ಒಂದು ಅಂಚೆ ಡಬ್ಬ ಬೀಳಿಸಿರಲಿಲ್ಲ ಅವರಿಬ್ಬರು.

"ಅದು ಹಿಮ ಆಗಿತ್ತು," ಎಂದಳು ಮೆಲ್ಲಗೆ. "ನಿಲ್ತಿತ್ತು. ಇದು ನಿಲ್ಲಲ್ಲ ಆರ್ವೊ."

"ನಿಲ್ಲಲ್ಲ," ಎಂದು ಅವನು ಒಪ್ಪಿಕೊಂಡ. ಇಂಜಿನ್ ಚಾಲೂ ಮಾಡಿದ. ಅವಳ ಮನೆಯ ಮೆಟ್ಟಿಲ ತನಕ ಟ್ರಕ್ಕು ತಂದು ನಿಲ್ಲಿಸಿದ.

ಎರಡು ದಿನ ಹೆಲ್ವಿ ಮನೆಯಲ್ಲೇ ಕೂತಳು. ಆವಿಸ್ನಾನಕ್ಕೆ ಸೌನಾ ಕಾಯಿಸಿದಳು, ಕಾಫಿ ಕುಡಿದಳು, ಗೋಡೆಗೆ ಬೈದಳು. ಪಾಸು ಹೋದದ್ದಕ್ಕಿಂತ ಇನ್ನೊಂದು ಅವಳನ್ನು ಕೊರೆಯುತ್ತಿತ್ತು. ಈ ಸುಳ್ಳು ಹೀಗೇ ನಿಂತರೆ ಮುಂದಿನ ನವೆಂಬರಿನಲ್ಲಿ ಪಾಸು ವಾಪಸು ಸಿಗುತ್ತದೆ. ಆಗ ಕಣ್ಣು ಇನ್ನಷ್ಟು ಹೋಗಿರುತ್ತದೆ, ತಾನು ಆಗಲೂ ಬಾಯಿ ಬಿಡುವುದಿಲ್ಲ, ಆಗಲೂ ಯಾರೋ ಮಂಡಿಯೂರಿ ಕೂತಿರುತ್ತಾರೆ. ತನ್ನ ಹಣೆಬರಹ ತನಗೇ ಚೆನ್ನಾಗಿ ಗೊತ್ತಿತ್ತು. ಬುಧವಾರ ಬೆಳಿಗ್ಗೆ ಆರ್ವೊಗೆ ಫೋನು ಮಾಡಿ, "ಬಾರೋ, ಕರ್ಕೊಂಡು ಹೋಗು. ಸ್ಕೀನೂ ಗಾಡೀಲಿ ಹಾಕ್ಕೋ," ಎಂದಳು.

ಗಸ್ತಿನ ಕೋಣೆಯಲ್ಲಿ ಒಲೆಯ ಸುತ್ತ ಏಳೆಂಟು ಜನ ಇದ್ದರು. ಹೊರಗೆ ಕರೆದು ಡ್ವೇನ್‌ಗೆ ಒಬ್ಬನಿಗೇ ಹೇಳಬಹುದಿತ್ತು. ಹಾಗೆ ಹೇಳಿದರೆ ಅರ್ಧವೇ ಹೇಳಿ ಬಂದುಬಿಡುತ್ತೇನೆ ಎಂಬ ಹೆದರಿಕೆಗೆ ಹೆಲ್ವಿ ಬಾಗಿಲಲ್ಲೇ ನಿಂತು ಶುರು ಮಾಡಿದಳು.

"ಡ್ವೇನ್, ನಾನು ಸುಳ್ಳು ಹೇಳಿದೆ. ನಾನು ನುಗ್ಗಲಿಲ್ಲ. ಹಗ್ಗ ಕಾಣಿಸಲಿಲ್ಲ ನನಗೆ. ಹಲಗೇನೂ ಕಾಣಿಸಲಿಲ್ಲ. ಮಾರ್ಚಿಂದ ನನಗೆ ಎದುರಿಗಿರೋದು ಯಾವುದೂ ಸರಿಯಾಗಿ ಕಾಣಲ್ಲ."

ಯಾರೋ ಕಪ್ಪು ಕೆಳಗಿಟ್ಟ ಸದ್ದು.

"ಮತ್ತೆ ಅಷ್ಟು ದಿನ ಹೇಗೆ ಇಳಿದ್ರಿ?" ಎಂದ ಡ್ವೇನ್.

"ನೆನಪಿನ ಮೇಲೆ. ಆ ಯಂತ್ರದ ಸದ್ದಿನ ಮೇಲೆ. ಸದ್ದು ಜಾಗ ಬದಲಾಯಿಸ್ತು, ನಾನೂ ಅದರ ಹಿಂದೆ ಹೋದೆ."

ಡ್ವೇನ್ ಎದ್ದು ಹತ್ತಿರ ಬಂದ. "ನಾನು ಕಾಣ್ತಿದೀನಾ?"

"ಕಿವಿ ಕಾಣ್ತಿದೆ. ಟೋಪಿ ಕಾಣ್ತಿದೆ. ಮುಖ ಇಲ್ಲ. ನೀನು ಮುದುಕನಾಗಿದೀಯೋ ಇಲ್ವೋ ನನಗೆ ಗೊತ್ತಾಗಲ್ಲ."

ಮೂಲೆಯಲ್ಲಿ ಒಂದು ಕುರ್ಚಿ ಕಿರುಗುಟ್ಟಿತು. "ನನ್ನ ಬೆನ್ನು ಮುರಿದುಹೋಗಿದ್ರೆ?" ಒಮ್ಮೆ ಕಿರುಚಿದ್ದನ್ನು ಕೇಳಿದ ದನಿಯೇ ಅದು, ಲೆಸ್ಟರ್. "ಮನೇಲಿ ಎರಡು ಮಕ್ಕಳಿದಾವೆ ನನಗೆ. ಮೂರು ರಾತ್ರಿಯಿಂದ ನಿದ್ದೆ ಇಲ್ಲ. ಬೇಕಂತ ಮಾಡಿದಾಳಲ್ಲ ಈ ಮುದುಕಿ ಅಂತ ಹಲ್ಲು ಕಡೀತಾ ಮಲಗಿದೀನಿ."

"ಮುರೀತಿತ್ತು ಲೆಸ್ಟರ್," ಎಂದಳು ಹೆಲ್ವಿ. "ಬೇಕಂತ ಮಾಡಿರಲಿಲ್ಲ. ಆದ್ರೆ ಕಣ್ಣಿಲ್ಲ ಅಂತ ಗೊತ್ತಿದ್ದೂ ಬಂದೆ, ಅದು ಬೇಕಂತಲೇ ಮಾಡಿದ್ದು. ನನ್ನನ್ನ ಕ್ಷಮಿಸು. ಕ್ಷಮಿಸೋಕೆ ಆಗಲ್ಲ ಅಂದ್ರೂ ಸರಿ, ನಾನು ಕೇಳಬೇಕು, ಕೇಳ್ತಿದೀನಿ."

ಲೆಸ್ಟರ್ ತಿಂದು ಮುಗಿಸಿದ್ದ ಪ್ಯಾಸ್ಟಿಯ ಕಾಗದ ಮುದುಡಿ ಒಲೆಗೆ ಹಾಕಿ, ಹೊರಟವನು ಅವಳ ಪಕ್ಕದಲ್ಲಿ ನಿಂತ. "ಈಗಲಾದ್ರೂ ಹೇಳಿದ್ರಲ್ಲ," ಎಂದು ಗೊಣಗಿ ಹೊರಗೆ ಹೋದ. ಅಷ್ಟೇ. ಆದರೆ ಬಾಗಿಲು ಬಡಿಯದೆ ಹಾಕಿಕೊಂಡು ಹೋದ.

ಡ್ವೇನ್ ಮೇಲಿನವರಿಗೆ ಫೋನು ಮಾಡಿದ. ಅವನು ಬಹಳ ಹೊತ್ತು ಬರೀ ಕೇಳಿಸಿಕೊಂಡ, ನಡುವೆ ಒಮ್ಮೆ, "ಸಾರ್, ಆಕೆ ತಾನಾಗೇ ಬಂದು ಹೇಳಿದಾರೆ," ಎಂದ. ಫೋನಿಟ್ಟು ಕಪಾಟಿನಿಂದ ಎರಡು ಕಿತ್ತಳೆ ಮೇಲಂಗಿ ತೆಗೆದ. ಒಬ್ಬಳೇ ಯಾವತ್ತೂ ಇಳಿಯುವಂತಿಲ್ಲ. ಮುಂದೆ ದಾರಿ ಹೇಳುವವನು ಇರಲೇಬೇಕು. ಇವತ್ತು ಒಂದು ಸುತ್ತು ತಾನೂ ಹಿಂದೆ ಬಂದು ನೋಡುತ್ತೇನೆ, ಸರಿಹೋಗದಿದ್ದರೆ ಪಾಸು ಇಲ್ಲ. ಹೇಳಿದ್ದಷ್ಟೂ ಮೊದಲಿನ ದನಿಯಲ್ಲೇ, ಗದರಿಸುವ ಹಾಗೇ ಹೇಳಿದ. ಅದಕ್ಕಾಗಿ ಹೆಲ್ವಿ ಅವನನ್ನು ತಬ್ಬಿಕೊಳ್ಳಬೇಕೆಂದುಕೊಂಡಳು, ತಬ್ಬಿಕೊಳ್ಳಲಿಲ್ಲ.

ಗುಡ್ಡದ ತುದಿಯಲ್ಲಿ ಆರ್ವೊ ಮುಂದೆ ನಿಂತ. ಅವನ ಬೆನ್ನಿನ ಕಿತ್ತಳೆ ಬಣ್ಣ ಅವಳಿಗೆ ಅಂಚುಗಣ್ಣಿನಲ್ಲಿ ಚೂರು ಕಾಣುತ್ತಿತ್ತು, ಕರಗುತ್ತಿತ್ತು, ಮತ್ತೆ ಕಾಣುತ್ತಿತ್ತು. ಮೂವತ್ತು ವರ್ಷ ಅವನು ಇವಳ ಹಿಂದೆಯೇ ಇಳಿದವನು. ಹೆಲ್ವಿಗೆ ಕಣ್ಣಿದ್ದಾಗ ಬಾರದ ಹೆದರಿಕೆ, ಕಣ್ಣಿಲ್ಲವೆಂದು ಬಾಯಿಬಿಟ್ಟ ಮೇಲೆ ಬಂದಿತ್ತು.

"ಹೊರಡೋಣ," ಎಂದ ಆರ್ವೊ.

ಮೊದಲ ತಿರುವಿಗೇ ಅವನು ಮಾತು ಮರೆತ. "ಏನೋ, ಹೋದ್ಯಾ ಇದೀಯಾ?" ಎಂದು ಅವಳು ಕಿರುಚಿದ ಮೇಲೆ, "ಬಲ! ಬಲ! ಉದ್ದ ಬಲ!" ಎಂದ. ಆಮೇಲೆ ನಿಲ್ಲಿಸಲಿಲ್ಲ. ಎಡ ಎಂದ, ಈಗ ಕಡಿದಾದ ಇಳಿತ ಎಂದ, ಕಲ್ಲಿದೆ ನಿನ್ನ ಬಲಕ್ಕೆ ಎಂದ, ಯಾವನೋ ಬಿದ್ದಿದಾನೆ ಎಡಕ್ಕೆ ಹೋಗು, ಏಳೋ ಮಾರಾಯ, ಹಾಂ ಎದ್ದ, ನೆಟ್ಟಗೆ ಬಾ, ಚೆನ್ನಾಗಿದೆ ಹಿಮ, ಇನ್ನೊಂದು ಬಲ, ಎಂದ. ತಕ್ಷಣ ಪದ ಹೊಳೆಯದ ಕಡೆಯಲ್ಲೆಲ್ಲ "ಅಂಚೆ ಡಬ್ಬ!" ಎಂದು ಕೂಗಿದ, ಅದು ಕಂಬವಾಗಿರಲಿ, ಮನುಷ್ಯನಾಗಿರಲಿ. ಅವಳು ಯಾಕೆ ಎತ್ತ ಎಂದು ಕೇಳದೆ ತಿರುಗಿದಳು. ಬರ್ಚ್ ಮರಗಳ ಹತ್ತಿರ ಯಂತ್ರ ಬಲಗಡೆ ಭೋರ್ಗರೆಯುತ್ತಿತ್ತು, ಅವಳ ಮೈ ತಾನೇ ತಾನಾಗಿ ಅತ್ತ ವಾಲಿತು. "ಎಡ, ಹೆಲ್ವಿ! ಎಡ!" ಎಂಬ ದನಿಗೆ ಅವಳು ತನ್ನ ಐವತ್ತು ವರ್ಷದ ನೆನಪನ್ನೆಲ್ಲ ಬದಿಗೊತ್ತಿ ಎಡಕ್ಕೆ ತಿರುಗಿದಳು.

ಬುಡದಲ್ಲಿ ನಿಂತಾಗ ಆರ್ವೊನ ದನಿ ಪೂರ್ತಿ ಒಡೆದುಹೋಗಿತ್ತು. ಡ್ವೇನ್ ಹಿಂದಿನಿಂದ ಬಂದು ಪಾಸನ್ನು ಅವಳ ಕೊರಳಿಗೆ ಹಾಕಿ, ತನ್ನ ಕೆಲಸಕ್ಕೆ ಹೋದ. ಹೆಲ್ವಿ ಅದನ್ನು ಕೈಯಲ್ಲಿ ಹಿಡಿದುಕೊಂಡು ಲಿಫ್ಟಿನ ಬಾಯಲ್ಲೇ ನಿಂತುಬಿಟ್ಟಳು. ಕಣ್ಣೀರು ಗಲ್ಲದ ಮೇಲೆಲ್ಲ ಇಳಿಯುತ್ತಿತ್ತು. ಸಾಲಿನಲ್ಲಿದ್ದವರು ಪಿಸುಗುಟ್ಟುವುದು ಕೇಳುತ್ತಿತ್ತು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಇದೇ, ಇದಕ್ಕೇ ಹೆದರಿದ್ದೆ ಎಂದುಕೊಂಡಳು, ತಲೆ ತಗ್ಗಿಸಿದಳು.

"ಏನಮ್ಮಾ ಮಹಾರಾಣಿ!" ಮಾರ್ಲಾಳ ಗಂಟಲು ಲಿಫ್ಟಿನ ಸದ್ದನ್ನೂ ಮೀರಿ ಬಂತು. "ಇನ್ನೊಂದು ಸುತ್ತು ಹೋಗ್ತೀಯೋ, ಇಲ್ಲ ಇಲ್ಲೇ ನಿಂತು ಅಳ್ತೀಯೋ? ಹಿಂದೆ ಜನ ಕಾಯ್ತಿದಾರೆ, ನಿನಗೇನು ಕಿವೀನೂ ಹೋಯ್ತಾ?"

ಸಾಲಿನಲ್ಲಿ ಯಾರೋ ಉಸಿರು ಬಿಗಿಹಿಡಿದರು. ಹೆಲ್ವಿ ತಲೆ ಎತ್ತಿದಳು. ಮುಖವಿಲ್ಲದ ಆ ಕೆಂಪು ಟೋಪಿಯ ಕಡೆ ನೋಡಿದಳು. ಎಂಟು ತಿಂಗಳಲ್ಲಿ ಅವಳ ಎದೆ ಇಷ್ಟು ಹಗುರಾದದ್ದಿಲ್ಲ.

"ಮೇಲೆ ಹೋಗೋಕೆ ಏಳು ನಿಮಿಷ ಇದೆಯಲ್ಲ ಕಣೇ, ಅಲ್ಲಿ ಅಳ್ತೀನಿ," ಎಂದು ಕುರ್ಚಿಗೆ ಕೂತಳು. ಆರ್ವೊ ಪಕ್ಕದಲ್ಲಿ ಬಂದು ಕೂತ.